ರವಿವಾರ ತಿಂದದ್ದನ್ನು ಬರೆದಿಡಬೇಕಾ? ನನ್ನ ಅನುಭವ

ನಾನು ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಮನೆ ಧಾರವಾಡದಲ್ಲಿ. ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ, ಉಳಿದ ಹೊತ್ತೆಲ್ಲ ಕುರ್ಚಿ. ನಲವತ್ತೆರಡು ತುಂಬುವ ಹೊತ್ತಿಗೆ ತೂಕ 78 ಕೆಜಿ, ಎತ್ತರ ಮಾತ್ರ ಅದೇ ಐದು ಅಡಿ ಎರಡು ಇಂಚು. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂತು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಅಂಕಿ ಅದು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಅಂತ ಅರ್ಥ. ಗುಳಿಗೆ ಬೇಡ, ಮೊದಲು ತೂಕ ಇಳಿಸಿ ಅಂದರು ಡಾಕ್ಟರು.

ಡಯಟಿಷಿಯನ್ ಹತ್ತಿರ ಹೋದೆ. ನನ್ನ ಮೈ ದಿನಕ್ಕೆ ಸುಮಾರು 1,900 ಕ್ಯಾಲೊರಿ ಖರ್ಚು ಮಾಡುತ್ತದೆ, ನಾನು 1,500 ತಿನ್ನಬೇಕು ಅಂತ ಆಯಿತು. ಸೋಮವಾರದಿಂದ ಶನಿವಾರದ ತನಕ ಮೊಬೈಲ್ ಆ್ಯಪ್‌ನಲ್ಲಿ ತುತ್ತು ತುತ್ತೂ ಬರೆಯುತ್ತಿದ್ದೆ. ರವಿವಾರ ಚೀಟ್ ಡೇ, ಅಂದರೆ ಪಥ್ಯ ಬಿಟ್ಟು ಬೇಕಾದ್ದು ತಿನ್ನುವ ದಿನ. ಅವತ್ತು ಆ್ಯಪ್ ತೆರೆಯುವುದಿಲ್ಲ ಅಂತ ನಾನೇ ನಿಯಮ ಮಾಡಿಕೊಂಡಿದ್ದೆ. ಚೀಟ್ ಡೇ ಅಂದರೇನು ಅಂತ ಅತ್ತೆಗೆ ಬಿಡಿಸಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ರವಿವಾರಕ್ಕೊಮ್ಮೆ ಯಾರಿಗೆ ಮೋಸಾ ಮಾಡ್ತೀಯವಾ?"

ಮೊದಲ ಮೂರು ವಾರದಲ್ಲಿ ಎರಡು ಕೆಜಿ ಇಳಿಯಿತು. ಆಮೇಲೆ ಆರು ವಾರ ಮುಳ್ಳು ಅಲ್ಲಾಡಲಿಲ್ಲ. ವಾರವಿಡೀ ಎರಡೇ ರೊಟ್ಟಿ, ಕಾಳುಪಲ್ಯ, ಹಸಿ ಸವತೆಕಾಯಿ, ಮಜ್ಜಿಗೆ. ಬೆಳಿಗ್ಗೆ ಕೆಲಗೇರಿ ಕೆರೆಯ ಕಡೆ ನಲವತ್ತು ನಿಮಿಷ ನಡಿಗೆ. ಇಷ್ಟೆಲ್ಲ ಮಾಡಿಯೂ ಇಳಿಯದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಥೈರಾಯ್ಡ್ ಇರಬೇಕು ಅಂತ ಅದನ್ನೂ ಪರೀಕ್ಷೆ ಮಾಡಿಸಿದೆ. ಏನೂ ಇರಲಿಲ್ಲ.

ನಮ್ಮ ಕಸುಬಿನಲ್ಲಿ ಸಂಜೆ ಶಿಲ್ಕು (ಕೈಯಲ್ಲಿ ಉಳಿದ ಹಣ) ಕೂಡದಿದ್ದರೆ ಮೊದಲು ಹುಡುಕುವುದು ಕಿರ್ದಿಗೆ (ದಿನದ ಲೆಕ್ಕದ ಪುಸ್ತಕಕ್ಕೆ) ಏರದೇ ಉಳಿದ ಚೀಟಿಯನ್ನು. ಹತ್ತರಲ್ಲಿ ಒಂಬತ್ತು ಸಲ ಅದು ಯಾರದೋ ಜೇಬಿನಲ್ಲಿರುತ್ತದೆ. ಒಂದು ಶನಿವಾರ ಹಾಗೇ ಚೀಟಿ ಹುಡುಕುತ್ತ ಕೂತಾಗ ನನಗೇ ನಗು ಬಂತು. ವಾರದಲ್ಲಿ ಆರು ದಿನದ ಕಿರ್ದಿ ಬರೆದು ಏಳನೆಯದನ್ನು ಹಾಗೇ ಬಿಟ್ಟರೆ ಶಿಲ್ಕು ಎಲ್ಲಿಂದ ಕೂಡಬೇಕು? ನನ್ನದು ಚೀಟ್ ಡೇ ಅಲ್ಲ, ಚೀಟಿ ಇಲ್ಲದ ದಿನ.

ಮರುದಿನ ತಿನ್ನುವುದನ್ನೇನೂ ಬದಲಿಸಲಿಲ್ಲ, ಸುಮ್ನೆ ಬರೆದೆ. ಬೆಳಿಗ್ಗೆ ನಾಲ್ಕು ಪೂರಿ, ಬಟಾಟೆ ಪಲ್ಯ. ಎರಡು ಕಪ್ ಚಹಾ. ಮಧ್ಯಾಹ್ನ ತುಪ್ಪ ಹಾಕಿಕೊಂಡು ಮೂರು ಶೇಂಗಾ ಹೋಳಿಗೆ, ಅನ್ನ ಸಾರು, ಹಪ್ಪಳ. ಸಂಜೆ ಮಕ್ಕಳ ಜೊತೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಒಂದು ಪ್ಲೇಟ್ ಗಿರ್ಮಿಟ್, ಮೂರು ಮಿರ್ಚಿ ಭಜಿ. ವಾಪಸ್ ಬರುವಾಗ ಲೈನ್ ಬಜಾರಿನಲ್ಲಿ ಕಾಲು ಕೆಜಿ ಪೇಢೆ, ಮನೆ ಮುಟ್ಟುವಷ್ಟರಲ್ಲಿ ಅದರಲ್ಲಿ ನಾಲ್ಕು ಖಾಲಿ. ರಾತ್ರಿ "ಏನೂ ಬ್ಯಾಡ" ಅಂದು ಕೂತು ಒಂದು ಬಟ್ಟಲು ಮೊಸರನ್ನ.

ಅಂದಾಜು ಕೂಡಿದರೆ 3,400. ಖರ್ಚಿಗಿಂತ 1,500 ಜಾಸ್ತಿ. ಆರು ದಿನ 400ರಂತೆ ಉಳಿಸಿದ್ದು 2,400. ಅದರಲ್ಲಿ 1,500 ಒಂದೇ ದಿನಕ್ಕೆ ಹೋಯಿತು, ಉಳಿದದ್ದು 900. ಮೈಯ ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಹಿಡಿದರೆ, ವಾರಕ್ಕೆ ನಾನು ಇಳಿಸುತ್ತಿದ್ದದ್ದು 120 ಗ್ರಾಂ. ಎರಡು ಲೋಟ ನೀರು ಕುಡಿದರೆ ತಕ್ಕಡಿ ಅದಕ್ಕಿಂತ ಹೆಚ್ಚು ಏರುತ್ತದೆ. ಕಣ್ಣಿಗೆ ಕಾಣುವುದಾದರೂ ಹೇಗೆ?

ಇದು ಗೊತ್ತಾದ ಮೇಲೆ ನಾನು ಮಾಡಿದ್ದು ಇನ್ನೊಂದು ತಪ್ಪು. ರವಿವಾರವೂ ಆ್ಯಪ್ ಹಿಡಿದು ಕೂತೆ, ಅದೂ ಎಲೆಯ ಮುಂದೆಯೇ. ಆ ವರ್ಷದ ಪಂಚಮಿಗೆ ಗದಗಿನ ತವರಿಗೆ ಹೋಗಿದ್ದೆ. ನಮ್ಮ ಕಡೆ ನಾಗರ ಪಂಚಮಿ ಅಂದರೆ ಜೋಕಾಲಿ ಮತ್ತು ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು, ಒಂದು ಡಬ್ಬಿಗೆ ಒಂದೊಂದು ಜಾತಿ. ಚಿಕ್ಕಮ್ಮ ತಾಟಿನಲ್ಲಿ ನಾಲ್ಕು ತರದ್ದು ಇಟ್ಟು ಕೊಟ್ಟರು. ನಾನು ಮೊಬೈಲ್ ತೆಗೆದು "ಇದರಾಗ ಬೆಲ್ಲ ಎಷ್ಟ ಹಾಕೀರಿ ಚಿಕ್ಕಮ್ಮಾ?" ಅಂತ ಕೇಳಿದೆ. ಅವರು ಮೊದಲು ಖುಷಿಯಿಂದ ಹೇಳಿದರು, ಮಾಡೋದು ಕಲಿಯಾಕ ಕೇಳ್ಯಾಳ ಅಂತ ತಿಳಿದಿದ್ದರು. ನಾನು ಅಂಕಿ ಒತ್ತುವುದನ್ನು ನೋಡಿದ ಮೇಲೆ ಮುಖ ಸಣ್ಣದಾಯಿತು. "ಬ್ಯಾಡಾದ್ರ ಬಿಡವಾ, ಒತ್ತಾಯ ಇಲ್ಲ" ಅಂದು ಒಳಗೆ ಹೋದರು. ಆ ನಾಲ್ಕೂ ಉಂಡಿ ತಿಂದೆ. ರುಚಿ ಹೇಗಿತ್ತು ಅಂತ ಕೇಳಿದರೆ ಇವತ್ತಿಗೂ ನೆನಪಿಲ್ಲ.

ಅದೇ ಹೊತ್ತಿನಲ್ಲಿ ಸೋಮವಾರದ ತೂಕ ನೋಡುವ ಚಟ ಬೇರೆ ಹತ್ತಿತ್ತು. ಶನಿವಾರ 75.8 ಇದ್ದದ್ದು ಸೋಮವಾರ 77.1. ಎರಡು ದಿನಕ್ಕೆ 1.3 ಕೆಜಿ! ಕೈಕಾಲು ತಣ್ಣಗಾಯಿತು. ಅವತ್ತು ಬೆಳಿಗ್ಗೆ ತಿಂಡಿ ಬಿಟ್ಟೆ, ಮಧ್ಯಾಹ್ನದ ಡಬ್ಬಿಯನ್ನು ತೆರೆಯಲೇ ಇಲ್ಲ. ನಾಲ್ಕು ಗಂಟೆಗೆ ಅಂಗಡಿಗೆ ಯಾರೋ ತಂದಿದ್ದ ಖಾರಾ ಚೂಡಾದ ಪಾಕೀಟು ಒಬ್ಬಳೇ ಮುಗಿಸಿದೆ. ಮಂಗಳವಾರವೂ ಅದೇ ಕತೆ. ಒಂದು ದಿನದ ಚೀಟ್ ಮೂರು ದಿನದ್ದಾಯಿತು.

1.3 ಕೆಜಿ ಕೊಬ್ಬೇ ಆಗಿದ್ದರೆ ಹತ್ತು ಸಾವಿರ ಕ್ಯಾಲೊರಿ ಹೆಚ್ಚಿಗೆ ತಿಂದಿರಬೇಕು. ನಮ್ಮ ಮನೆಯ ಶೇಂಗಾ ಹೋಳಿಗೆ ಲೆಕ್ಕದಲ್ಲಿ ನಲವತ್ನಾಲ್ಕು ಹೋಳಿಗೆ, ಅದೂ ದಿನದ ಊಟದ ಮೇಲೆ. ನನ್ನ ಕೈಲಾಗುವ ಕೆಲಸ ಅಲ್ಲ. ಏರಿದ್ದು ನೀರು. ಅನ್ನ, ಹಿಟ್ಟು, ಸಿಹಿ ಜಾಸ್ತಿ ಆದಾಗ ಮೈ ಅದರಲ್ಲಿ ಸ್ವಲ್ಪವನ್ನು ಗ್ಲೈಕೋಜನ್ ಮಾಡಿ ಲಿವರಿನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ. ಅದರ ಒಂದೊಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಮಿರ್ಚಿ, ಹಪ್ಪಳದ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಹೊಟ್ಟೆಯಲ್ಲಿ ಇನ್ನೂ ಕರಗದ ಊಟದ ಭಾರವೂ ಇದೆ. ಸುಮ್ಮನೆ ಎಂದಿನಂತೆ ಉಂಡುಕೊಂಡಿದ್ದರೆ ಬುಧವಾರ, ಗುರುವಾರದ ಹೊತ್ತಿಗೆ ತಾನೇ ಇಳಿಯುತ್ತದೆ. ಈಗ ನಾನು ತಕ್ಕಡಿ ಹತ್ತುವುದು ಶನಿವಾರ ಬೆಳಿಗ್ಗೆ ಮಾತ್ರ, ಶನಿವಾರಕ್ಕೆ ಶನಿವಾರ ಹೋಲಿಸಿ. ಸೋಮವಾರ ಅದು ಮಂಚದ ಕೆಳಗೆ.

ಸರಿಯಾದ ದಾರಿ ಸಿಕ್ಕಿದ್ದು ಗೋದಾಮಿನಲ್ಲಿ. ಒಂದೇ ತೂಕಕ್ಕೆ ತುಂಬಿ ಹೊಲಿದ ಚೀಲಗಳು ಲಾರಿಗೆ ಏರುವಾಗ ಯಾರೂ ಪ್ರತಿ ಚೀಲ ಮತ್ತೆ ತೂಗುವುದಿಲ್ಲ. ಬಾಗಿಲ ಹತ್ತಿರ ಒಬ್ಬ ಚೀಟಿ ಪೆನ್ಸಿಲ್ ಹಿಡಿದು ನಿಂತಿರುತ್ತಾನೆ. ಹಮಾಲರು ದಾಟಿದ ಹಾಗೆ ಒಂದೊಂದು ಗೆರೆ, ನಾಲ್ಕು ಗೆರೆ ಆದ ಮೇಲೆ ಐದನೆಯದು ಅಡ್ಡ. ಕೊನೆಗೆ ಗೆರೆ ಎಣಿಸಿ ಒಂದು ಚೀಲದ ತೂಕದಿಂದ ಗುಣಿಸಿದರೆ ಮುಗಿಯಿತು. ಇಷ್ಟು ವರ್ಷ ದಿನಾ ನೋಡಿದ್ದು ನನ್ನ ತಾಟಿಗೂ ಸಲ್ಲುತ್ತದೆ ಅಂತ ಹೊಳೆದಿರಲಿಲ್ಲ. ಒಂದು ಹೋಳಿಗೆ ತೂಗಿದರೆ ಸಾಕು, ಉಳಿದದ್ದಕ್ಕೆ ಗೆರೆ.

ಹಾಗಾಗಿ ಮುಂದಿನ ಹೋಳಿಗೆ ದಿನ ಅಡುಗೆಮನೆಗೆ ಸಣ್ಣ ತಕ್ಕಡಿ ಬಂತು. ಹುರಿದು ಸಿಪ್ಪೆ ಊದಿ ಪುಡಿ ಮಾಡಿದ ಶೇಂಗಾ 250 ಗ್ರಾಂ, ಬೆಲ್ಲ 250, ಕಣಕಕ್ಕೆ ಹಿಟ್ಟು 250, ನಾದಲು ಮತ್ತು ಬೇಯಿಸಲು ಎಲ್ಲ ಸೇರಿ ಎಣ್ಣೆ 50. ಅತ್ತೆ ಹಂಚಿನ ಮುಂದೆ ನಿಂತು ತಿರುಗಿ ನೋಡಿದರು. "ಹೋಳಿಗಿ ಅಂಗಡಿ ಹಾಕಾವ್ಳೇನವಾ?" ಒಟ್ಟು ಹದಿನಾರು ಹೋಳಿಗೆ ಬಂದವು. ಶೇಂಗಾದಿಂದ 1,375, ಬೆಲ್ಲದಿಂದ 925, ಹಿಟ್ಟಿನಿಂದ 860, ಎಣ್ಣೆಯಿಂದ 450. ಕೂಡಿಸಿ ಭಾಗಿಸಿದರೆ ಒಂದಕ್ಕೆ ಸುಮಾರು 225. ಮೇಲೆ ಹಾಕಿಕೊಳ್ಳುವ ಒಂದು ಸಣ್ಣ ಚಮಚ ತುಪ್ಪ 45, ಅದು ಬೇರೆ. ಆ್ಯಪ್‌ನಲ್ಲಿ ಹೋಳಿಗೆ ಅಂತ ಹುಡುಕಿದರೆ ಒಂದೊಂದು ಕಡೆ ಒಂದೊಂದು ಅಂಕಿ ಬರುತ್ತಿತ್ತು. ಬರಲೇಬೇಕು, ಬೇಳೆ ಹೋಳಿಗೆ ಬೇರೆ, ಶೇಂಗಾದ್ದು ಬೇರೆ, ಒಬ್ಬೊಬ್ಬರ ಕೈ ಬೇರೆ.

ಮಿರ್ಚಿಗೆ ಇನ್ನೊಂದು ಉಪಾಯ ಮಾಡಿದೆ. ಎಣ್ಣೆ ಸಮೇತ ಬುಟ್ಟಿಯನ್ನೇ (ನಮ್ಮಲ್ಲಿ ಕರಿಯುವ ಬಾಣಲೆಗೆ ಬುಟ್ಟಿ ಅಂತಾರೆ) ತೂಗಿ, ಹನ್ನೆರಡು ಮಿರ್ಚಿ ಕರಿದು, ಆರಿದ ಮೇಲೆ ಮತ್ತೆ ತೂಗಿದೆ. 90 ಗ್ರಾಂ ಎಣ್ಣೆ ಕಡಿಮೆ! ಒಂದು ಮಿರ್ಚಿಗೆ ಏಳೂವರೆ ಗ್ರಾಂ. ಎಣ್ಣೆ ಗ್ರಾಮಿಗೆ 9 ಕ್ಯಾಲೊರಿ, ಹಾಗಾಗಿ ಎಣ್ಣೆಯದೇ 67. ಕಡ್ಲಿಹಿಟ್ಟು ಸೇರಿದರೆ ಒಂದಕ್ಕೆ 130ರ ಹತ್ತಿರ. ಬಂಡಿಯ ಮಿರ್ಚಿ ಇನ್ನೂ ದಪ್ಪ, ಅದಕ್ಕೆ 150 ಹಿಡಿಯುತ್ತೇನೆ. ಒಂದು ಜೋಳದ ರೊಟ್ಟಿಯೂ 120, 130ರ ಆಸುಪಾಸೇ. ರೊಟ್ಟಿ ಬಿಟ್ಟು ತೂಕ ಇಳಿಸುತ್ತೇನೆ ಅನ್ನುವವರನ್ನು ಕಂಡರೆ ನನಗೆ ಈಗ ಕನಿಕರ. ರೊಟ್ಟಿಯ ಪಾಪ ಏನೂ ಇಲ್ಲ, ಅದರ ಪಕ್ಕದಲ್ಲಿ ಎಣ್ಣೆ ಕಲಸಿ ಕೂತ ಶೇಂಗಾ ಚಟ್ನಿಯನ್ನು ಕೇಳಿ.

ಈಗ ರವಿವಾರ ಆ್ಯಪ್ ಮುಟ್ಟುವುದಿಲ್ಲ. ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಒಂದು ಪೆನ್ಸಿಲ್ ಸಿಕ್ಕಿಸಿದ್ದೇನೆ. ತಿನ್ನುವಾಗ ತಿನ್ನುತ್ತೇನೆ. ರಾತ್ರಿ ಪಾತ್ರೆ ತೊಳೆದ ಮೇಲೆ ಎರಡು ನಿಮಿಷ ಗೆರೆ ಎಳೆಯುತ್ತೇನೆ. ಕರಿದದ್ದು, ಸಿಹಿ, ತುಪ್ಪ, ಶೇಂಗಾ, ಅನ್ನ, ಇಷ್ಟಕ್ಕೆ ಮಾತ್ರ. ಸಾರು, ಪಲ್ಯ, ಮಜ್ಜಿಗೆ ಲೆಕ್ಕಕ್ಕಿಲ್ಲ, ಅವುಗಳಿಂದ ಯಾರೂ ಕೆಟ್ಟಿಲ್ಲ. ಅಂಕಿಗೆ ಗುಣಿಸುವುದು ಸೋಮವಾರ ಬಸ್ಸಿನಲ್ಲಿ, ಮನಸ್ಸಿದ್ದರೆ.

ಇದರಿಂದ ಒಂದು ತಮಾಷೆ ಗೊತ್ತಾಯಿತು. ನನಗೆ ಪೂರಿ ಅಷ್ಟೇನೂ ಇಷ್ಟವಿಲ್ಲ. ಚೀಟ್ ಡೇ ಬೆಳಿಗ್ಗೆ ಪೂರಿ ಇರಲೇಬೇಕು ಅಂತ ತಿನ್ನುತ್ತಿದ್ದೆ. ರಾತ್ರಿಯ ಮೊಸರನ್ನವೂ ಹಾಗೇ, ಹಸಿವಿರಲಿಲ್ಲ, ರೂಢಿ ಇತ್ತು. ಇವೆರಡನ್ನೇ ಬಿಟ್ಟೆ. ಬೆಳಿಗ್ಗೆ ಒಂದು ಸಣ್ಣ ಬಟ್ಟಲು ಸುಸಲಾ, ರಾತ್ರಿ ಮಜ್ಜಿಗೆ. ಮಿರ್ಚಿ, ಹೋಳಿಗೆ, ಪೇಢೆ ಯಾವುದನ್ನೂ ಬಿಡದೆ ರವಿವಾರ 2,700ಕ್ಕೆ ಇಳಿಯಿತು. ಬರೆಯದೇ ಇದ್ದಿದ್ದರೆ ನಾನು ಮೊದಲು ಬಿಡುತ್ತಿದ್ದದ್ದು ಹೋಳಿಗೆಯನ್ನು. ಎರಡು ವಾರ ತಾಳುತ್ತಿದ್ದೆನೋ ಏನೋ.

ವರ್ಷದಲ್ಲಿ ನಾಲ್ಕು ದಿನ ಪೆನ್ಸಿಲ್ಲೂ ಇಲ್ಲ. ಯುಗಾದಿ, ಪಂಚಮಿ, ದೀಪಾವಳಿ ಪಾಡ್ಯ, ಎಳ್ಳಮಾವಾಸ್ಯೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಕಡಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ ಬಿಚ್ಚಿಕೊಂಡು ಕೂತಾಗ ಗೆರೆ ಎಳೆಯುವವಳು ನಾನಲ್ಲ. 365ರಲ್ಲಿ ನಾಲ್ಕು ಚೀಟಿ ಕಳೆದರೆ ಯಾವ ಅಂಗಡಿಯೂ ಮುಳುಗುವುದಿಲ್ಲ. ಆದರೆ ಹಬ್ಬ ಒಂದೇ ದಿನ, ಹಬ್ಬದ ಡಬ್ಬಿ ಎಂಟು ದಿನ. ಮರುದಿನದಿಂದ ಆ ಡಬ್ಬಿಗೆ ಗೆರೆ ಉಂಟು.

ಇನ್ನೊಂದು ಮಾತು. ನನ್ನ ಪರಿಚಯದ ಒಬ್ಬ ಹುಡುಗಿ ಹೀಗೇ ಬರೆಯಲು ಶುರುಮಾಡಿ, ಅಂಕಿ ದಾಟಿದ ದಿನ ಉಪವಾಸ, ಆಮೇಲೆ ಕದ್ದು ತಿನ್ನುವುದು, ತಿಂದದ್ದಕ್ಕೆ ಅಳುವುದು, ಅಲ್ಲಿಗೆ ಹೋಗಿ ಮುಟ್ಟಿದಳು. ಅಂಥವರಿಗೆ ಈ ಲೆಕ್ಕ ಬೇಡವೇ ಬೇಡ, ಡಾಕ್ಟರ ಹತ್ತಿರ ಹೋಗಬೇಕು. ಸಕ್ಕರೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರೂ ಕೇಳದೆ ಊಟ ಬಿಡುವುದು, ಚೀಟ್ ಡೇ ಮಾಡುವುದು ಬೇಡ.

ಹದಿನಾಲ್ಕು ತಿಂಗಳಾಯಿತು. ತೂಕ 70.5, ಎಚ್‌ಬಿಎ1ಸಿ 5.6. ನಡುವೆ ಎರಡು ಮದುವೆ ಸೀಸನ್ ಬಂದು ಹೋದವು, ಆಗ ಏರಿತ್ತು ಕೂಡ.

ಅತ್ತೆಗೆ ಕ್ಯಾಲೊರಿ ಅಂದರೆ ಇವತ್ತಿಗೂ ಗೊತ್ತಿಲ್ಲ, ಗೆರೆ ಮಾತ್ರ ಚೆನ್ನಾಗಿ ಗೊತ್ತಾಗಿದೆ. ಹೋದ ರವಿವಾರ ರಾತ್ರಿ ಪೇಢೆಗೆ ಎರಡು ಗೆರೆ ಎಳೆದು ಪೆನ್ಸಿಲ್ ಸಿಕ್ಕಿಸುತ್ತಿದ್ದೆ. ಹಿಂದಿನಿಂದ ಧ್ವನಿ ಬಂತು: "ಫ್ರಿಜ್ ಬಾಗಲಾ ತಗದ ನಿಂತಾಗ ಒಂದ ಬಾಯಾಗ ಹಾಕ್ಕೊಂಡ್ಯಲ್ಲ, ಅದರ ಗೆರಿ ಎಲ್ಲಿ?"