ಶಾರ್ಕ್ ಕೋಲು: ತೋಟದ ಬಾವಿಯಲ್ಲಿ ಕಲಿತದ್ದು

ಹದಡಿ ರಸ್ತೆಯ ನನ್ನ ಲೇತ್ ಅಂಗಡಿಗೆ ಬರುವವರ ಕೈಯಲ್ಲಿ ಪಂಪಿನ ಶಾಫ್ಟು, ಅಡಿಕೆ ಸುಲಿಯುವ ಮಷೀನಿನ ಬುಶ್ಶು ಇರುತ್ತವೆ. ಗೋಡೆಗೆ ಒರಗಿಸಿಟ್ಟ ನಾಲ್ಕಡಿ ಕಪ್ಪು ಕೋಲನ್ನು ನೋಡಿ "ಇದೇನಣ್ಣ, ದನ ಕಾಯೋದಕ್ಕಾ?" ಅಂತ ಕೇಳುತ್ತಾರೆ. ಶಾರ್ಕನ್ನು ಒಂದು ಮಾರು ದೂರ ಇಡುವ ಕೋಲು ಅದು. ಕರಾವಳಿಯವರು ತಾಟೆ ಅನ್ನುವ ಅದೇ ಮೀನು.

ಡೈವಿಂಗ್ ಹುಚ್ಚು ಹತ್ತಿದ್ದು ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ. ಆಮೇಲೆ ನೀರಿನೊಳಗೆ ಫೋಟೋ ತೆಗೆಯಲು ಶುರುಮಾಡಿದೆ. ಕ್ಯಾಮೆರಾ ಕಣ್ಣಿಗೆ ಹಿಡಿದವನಿಗೆ ಪಕ್ಕದಲ್ಲಿ ಏನು ಬಂತೆಂದು ಕಾಣುವುದಿಲ್ಲ. ಅಂಡಮಾನಿಗೆ ಹೋಗುವುದೆಂದು ಗೊತ್ತಾದಾಗ ಕೈಗೊಂದು ಕೋಲು ಬೇಕೆನಿಸಿತು.

ಗೆಳೆಯನೊಬ್ಬ ಬೇರೆಯದನ್ನೇ ಕೇಳಿದ: ಕೋಲಿನ ತುದಿಯಲ್ಲಿ ತೋಟಾ ಇಟ್ಟು, ಮೀನಿನ ಮೈಗೆ ತಾಗಿದ ಕೂಡಲೇ ಸಿಡಿಯುವ ಸಾಧನ. ಹೊರದೇಶದ ಡೈವರ್‌ಗಳು ಅದನ್ನು ಬ್ಯಾಂಗ್ ಸ್ಟಿಕ್ ಅನ್ನುತ್ತಾರೆ. ನಾನು ಮಾಡುವುದಿಲ್ಲ ಅಂದುಬಿಟ್ಟೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಇರುವ ದೇಶದಲ್ಲಿ ಮನೆಯಲ್ಲಿ ಮಾಡಿದ ಬಂದೂಕು ನೀರಿನೊಳಗಿದ್ದರೂ ಬಂದೂಕೇ. ಒಂದು ಮೀನು ಗಾಯಗೊಂಡರೆ ಅದರ ರಕ್ತದ ವಾಸನೆಗೆ ಇನ್ನಷ್ಟು ಬರುತ್ತವೆ. ಅದಕ್ಕಿಂತ ಹೆಚ್ಚಾಗಿ, ಅದರ ಮನೆಗೆ ನಾವೇ ಹೋಗಿ ಅದನ್ನೇ ಕೊಲ್ಲುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ತಿಮಿಂಗಿಲ ಶಾರ್ಕಿಗಂತೂ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಮೊದಲು ಅಯಸ್ಕಾಂತ ನೋಡೋಣ ಅನಿಸಿತು. ಶಾರ್ಕಿನ ಮೂತಿಯ ಮೇಲೆ ಸಣ್ಣ ಸಣ್ಣ ರಂಧ್ರಗಳಿವೆ, ಅವುಗಳಲ್ಲಿ ಲೋಳೆ ತುಂಬಿರುತ್ತದೆ. 1678ರಲ್ಲಿ ಅವುಗಳನ್ನು ವಿವರಿಸಿದ ಇಟಲಿಯ ವೈದ್ಯ ಲೊರೆಂಜಿನಿಯ ಹೆಸರಲ್ಲೇ ಈಗಲೂ ಕರೆಯುತ್ತಾರೆ. ಬೇಟೆಯ ಮೈಯಿಂದ ಹೊರಡುವ ಅತಿ ಸಣ್ಣ ವಿದ್ಯುತ್ತೂ ಅವಕ್ಕೆ ತಿಳಿಯುತ್ತದೆ. ಅಯಸ್ಕಾಂತ ಆ ಅರಿವನ್ನು ಕದಡೀತೆಂದು ಹಳೆ ಸ್ಪೀಕರಿನದನ್ನು ಬಿಚ್ಚಿ ಕೋಲಿಗೆ ಕಟ್ಟಿದೆ. ದೂರ ಎರಡರಷ್ಟಾದರೆ ಅದರ ಬಲ ಎಂಟನೇ ಒಂದು ಭಾಗಕ್ಕಿಳಿಯುತ್ತದೆ. ಕೈಯಳತೆಯಲ್ಲೇ ಬಲ ಸತ್ತುಹೋಗುವ ವಸ್ತು ಶಾರ್ಕನ್ನು ಹೇಗೆ ತಡೆದೀತು? ಮೇಲಾಗಿ ನನ್ನ ಡೈವ್ ದಿಕ್ಸೂಚಿಯನ್ನೇ ದಾರಿ ತಪ್ಪಿಸಿತು. ಅಂದೇ ಬಿಚ್ಚಿ ಹಾಕಿದೆ.

ಚನ್ನಗಿರಿ ಕಡೆಯ ನಮ್ಮ ಮಾವ ಅಡಿಕೆ ಬೆಳೆಗಾರರು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆದು ಅಭ್ಯಾಸ. "ಮೈಲುತುತ್ತದ ಗಂಟು ಕಟ್ಟಿಕೋ, ಹತ್ತಿರ ಬರಲ್ಲ" ಅಂದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಕೊಟ್ಟ ಶಾರ್ಕ್ ಚೇಸರ್ ಪೊಟ್ಟಣದಲ್ಲಿ ಇದ್ದದ್ದೂ ತಾಮ್ರದ ಇನ್ನೊಂದು ಲವಣವೇ, ಅಸಿಟೇಟ್, ಜೊತೆಗೆ ಕಡುಕಪ್ಪು ಬಣ್ಣ. ನಾವಿಕರಿಗೆ ಧೈರ್ಯ ಕೊಟ್ಟಷ್ಟು ಅದು ಶಾರ್ಕನ್ನು ಓಡಿಸಲಿಲ್ಲ. ತಾಮ್ರ ಮೀನಿಗೆ ವಿಷ ಬೇರೆ. ಮಾವನಿಂದ ಪ್ರಯೋಗಕ್ಕೆ ತೋಟದ ಬಾವಿ ಮಾತ್ರ ಕೇಳಿ ಪಡೆದೆ.

ಒಂದು ಇಂಚಿನ ಪಿವಿಸಿ ಪೈಪು, 120 ಸೆಂಟಿಮೀಟರ್, ಎರಡೂ ತುದಿಗೆ ಮುಚ್ಚಳ. ಇಪ್ಪತ್ತಡಿ ಕೆಳಗೆ ಒಯ್ದು ಕೈ ಸ್ವಲ್ಪ ಸಡಿಲಿಸಿದ್ದೇ ತಡ, ಬಾಣದಂತೆ ಮೇಲೆ ಚಿಮ್ಮಿ ಮಾಸ್ಕಿಗೆ ಬಡಿಯಿತು. ಹುಬ್ಬಿನ ಮೇಲೆ ಇನ್ನೂ ಗುರುತಿದೆ. ಲೆಕ್ಕ ಹಾಕಿದರೆ ಮುಚ್ಚಿದ ಪೈಪನ್ನು ನೀರು ಸುಮಾರು 345 ಗ್ರಾಂ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಪೂರ್ತಿ ತೂತು ಕೊರೆದರೆ ಒಳಗೂ ನೀರು ತುಂಬಿ, ಈಗ ನೀರಿನಲ್ಲಿ ಸುಮಾರು 70 ಗ್ರಾಂ ತೂಕದಂತೆ ಮುಳುಗುತ್ತದೆ. ಇವೆರಡರ ನಡುವೆ ನಿಲ್ಲಿಸಬೇಕು. ನೀರು ಹೀರದ ಸ್ಪಂಜು ತುಂಬಿ ನೋಡಿದೆ, ಆದರೆ ಆಳಕ್ಕಿಳಿದಂತೆ ಒತ್ತಡಕ್ಕೆ ಕುಗ್ಗಿ ತೇಲುವ ಶಕ್ತಿ ಕಳೆದುಕೊಳ್ಳುತ್ತದೆ. ಹತ್ತು ಮೀಟರಿಗೆ ಒತ್ತಡ ಎರಡು ಪಟ್ಟು, ಇಪ್ಪತ್ತಕ್ಕೆ ಮೂರು ಪಟ್ಟು. ಹಾಗಾಗಿ ಹಿಡಿಯ ಕಡೆ 20 ಸೆಂಟಿಮೀಟರ್ ಭಾಗವನ್ನು ಮಾತ್ರ ಮುಚ್ಚಿ, ಉಳಿದದ್ದಕ್ಕೆಲ್ಲ ತೂತು ಕೊರೆದೆ. ಗಟ್ಟಿ ಗೋಡೆಯ ಒಳಗಿನ ಗಾಳಿ ಕುಗ್ಗುವುದಿಲ್ಲ, ಕೋಲು ಎಲ್ಲಿ ಬಿಟ್ಟರೂ ಹಿಡಿ ಮೇಲಾಗಿ ನಿಂತುಕೊಳ್ಳುತ್ತದೆ.

ಸೋರುತ್ತದೆಯೇ ಎಂದು ನೋಡಿದ ರೀತಿ ಹೇಳಬೇಕು. ಚಿನಿವಾರರ ತಕ್ಕಡಿಯಲ್ಲಿ ತೂಗಿ, ಕಲ್ಲು ಕಟ್ಟಿ, ಬಾವಿಗೆ ಇಳಿಬಿಟ್ಟು ಒಂದು ರಾತ್ರಿ. ಬೆಳಿಗ್ಗೆ ಒರೆಸಿ ಮತ್ತೆ ತೂಗಿದಾಗ 40 ಗ್ರಾಂ ಹೆಚ್ಚು. ಮುಚ್ಚಳದಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಅಂಟು ಎರಡು ಸಲ ಹಚ್ಚಿ, ಒಂದು ದಿನ ಒಣಗಿಸಿ ಮತ್ತೆ ಇಳಿಬಿಟ್ಟೆ. ಮೂರನೇ ರಾತ್ರಿ ತೂಕ ಬದಲಾಗಲಿಲ್ಲ. ಬಾವಿಗೆ ಇರುವುದೇ ಮೂವತ್ತಡಿ ಆಳ, ಉಳಿದದ್ದಕ್ಕೆ ಸಮುದ್ರವೇ ಸಾಕ್ಷಿಯಾಗಬೇಕಿತ್ತು.

ತುದಿಯೂ ಮುಖ್ಯ. ಶಾರ್ಕಿನ ಚರ್ಮದ ಮೇಲೆ ಸಣ್ಣ ಹಲ್ಲುಗಳಂಥ ಹುರುಪೆಗಳಿವೆ. ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು, ತಿರುಗಾ ಸವರಿದರೆ ಮರಳು ಕಾಗದ. ನುಣ್ಣನೆ ಪೈಪಿನ ತುದಿ ಅದರ ಮೈಮೇಲೆ ಜಾರಿ ಮುಂದೆ ಹೋಗುತ್ತದೆ, ಆಗ ನಡುವಿನ ದೂರವೇ ಇಲ್ಲವಾಗುತ್ತದೆ. ಊರುಗೋಲಿನ ರಬ್ಬರ್ ಬುಡವನ್ನು ಕೂರಿಸಿದೆ. ಗೀರುವುದಿಲ್ಲ, ಜಾರುವುದಿಲ್ಲ. ಮೇಲೆ ಕಪ್ಪು ಟೇಪು. ಹೊಳೆಯುವುದು ಮೀನಿನ ಹೊಟ್ಟೆಯಂತೆ ಕಾಣಬಾರದು. ವಿಮಾನದ ಚೀಲಕ್ಕೆ ಹಿಡಿಸಲೆಂದು ನಡುವೆ ತಿರುಪು ಹಾಕಿ ಎರಡು ತುಂಡು ಮಾಡಿದ್ದೇ ಲೇತಿನ ಕೆಲಸ.

ಅಂಡಮಾನಿನಲ್ಲಿ ಮೂರನೇ ದಿನ, ಹದಿನೆಂಟು ಮೀಟರಿನಲ್ಲಿ, ಒಂದು ಬೂದು ಶಾರ್ಕ್ ದೂರದಿಂದ ಸುತ್ತು ಹಾಕಿತು. ಅದರ ಎದೆರೆಕ್ಕೆ ಕೆಳಗಿಳಿದಿರಲಿಲ್ಲ, ಬೆನ್ನು ಬಾಗಿರಲಿಲ್ಲ. ಆ ಜಾತಿ ಸಿಟ್ಟಾದಾಗ ರೆಕ್ಕೆ ಇಳಿಸಿ ಬೆನ್ನು ಬಾಗಿಸುತ್ತದೆ, ಆಗ ನಾವೇ ಹಿಂದೆ ಸರಿಯಬೇಕು. ಎರಡನೇ ಸುತ್ತಿಗೆ ಹತ್ತಿರ ಬಂತು. ಬೀಸಲಿಲ್ಲ, ತಿವಿಯಲಿಲ್ಲ. ತೋಳು ಚಾಚಿ ಕೋಲನ್ನು ಅಡ್ಡ ಹಿಡಿದು ನಿಂತೆ. ಕೋಲಿನ ತುದಿಯಿಂದ ಒಂದು ಗೇಣು ದೂರದಲ್ಲಿ ಅದು ತಿರುಗಿ, ಹವಳದ ಗೋಡೆಯ ಹಿಂದೆ ಹೋಯಿತು. ತುಂಬ ಚಂದದ ಮೀನು. ಕ್ಯಾಮೆರಾ ಎತ್ತುವುದು ಮರೆತೇಹೋಗಿತ್ತು.

ಮೇಲೆ ಬರುವಾಗ ಕೋಲಿನ ದಾರ ಗಾಳಿಕೊಳವೆಗೆ ಸುತ್ತಿಕೊಂಡು ಒಂದರೆಗಳಿಗೆ ಬಿಡಿಸಿಕೊಳ್ಳಲು ಒದ್ದಾಡಿದೆ. ಮಣಿಕಟ್ಟಿಗೆ ಗಂಟು ಹಾಕಿದ ನೈಲಾನ್ ದಾರ ತೆಗೆದು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ವೆಲ್ಕ್ರೋ ಪಟ್ಟಿ ಈಗ ಹಾಕಿದ್ದೇನೆ. ಮಾವನ ಬಾವಿಯಲ್ಲಿ ಎಡಗೈಯಿಂದಲೂ, ಗ್ಲೌಸ್ ಹಾಕಿಯೂ ಎಳೆದು ನೋಡಿ ಆಯಿತು.