ಕಾರಿನ ಕುಯ್ ಕುಯ್ ಸದ್ದು, ತೋಟಕ್ಕೆ ಔಷಧಿ ಹೊಡೆಯೋ ಬೋರ್ಡೋ ಪಂಪು: ನನ್ನ ಅನುಭವ

ಸದ್ದು ನಿಂತು ಒಂದೂವರೆ ವರ್ಷ ಆಯ್ತು, ವಾಪಸ್ ಬಂದಿಲ್ಲ, ಅದಕ್ಕೇ ಈಗ ಧೈರ್ಯವಾಗಿ ಬರೀತಿದ್ದೀನಿ. ಆಗ್ಲೇ ಹೇಳಿದ್ದಕ್ಕೆ "ಮೊದ್ಲು ಒಂದು ಮಳೆಗಾಲ ಕಳೀಲಿ, ಆಮೇಲೆ ಮಾತಾಡು" ಅಂದಿದ್ರು ನಮ್ಮ ಭಾವ. ಈಗ ಮಳೆಗಾಲನೂ ಕಳೀತು, ಕಾಫಿ ಕುಯ್ಲೂ ಮುಗೀತು, ಗಾಡಿ ಹದಿನಾಲ್ಕೋ ಹದಿನೈದೋ ಸಾವಿರ ಓಡಿದೆ.

ಗಾಡಿ 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಆಗ ಲಕ್ಷದ ಹತ್ರ ಓಡಿತ್ತು. ತೋಟ ಕೊಡಗಿನ ಸುಂಟಿಕೊಪ್ಪ ಮಾದಾಪುರ ಕಡೆ, ಮೇನ್ ರೋಡಿಂದ ಒಳಗೆ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಹಂಪ್ ಹತ್ತಿದ್ರೂ ಗುಂಡಿಗೆ ಇಳಿದ್ರೂ ಮುಂದಿನಿಂದ ಕುಯ್ಯ್ ಅಂತ, ಹಳೇ ಮರದ ಮಂಚದ ಮೇಲೆ ಯಾರೋ ಮಗ್ಗುಲು ಬದಲಾಯಿಸಿದ ಹಾಗೆ. ಸ್ಪೀಡಲ್ಲಿ ಕೇಳ್ತಿರ್ಲಿಲ್ಲ, 20-30ರಲ್ಲೇ ಜಾಸ್ತಿ. ಅಮ್ಮನ್ನ ತಿಂಗಳಿಗೊಂದು ಸಲ ಚೆಕಪ್ಪಿಗೆ ಮೈಸೂರಿಗೆ ಕರ್ಕೊಂಡು ಹೋಗ್ಬೇಕು, ಅವ್ರು ಹಿಂದಿನ ಸೀಟಲ್ಲಿ ಮೇಲಿನ ಹಿಡಿ ಬಿಡದೆ ಕೂತು "ಮಗ, ಚಕ್ರ ಕಳಚಲ್ಲ ತಾನೇ" ಅಂತ ಕೇಳೋರು. ಅದು ನಂಗೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ.

ದುಡ್ಡಿನ ಕಥೆ ಮೊದ್ಲು ಹೇಳ್ತೀನಿ. ಬ್ರೇಕ್ ಪ್ಯಾಡ್ ಅಂದ್ರು, ಹಾಕಿಸ್ದೆ, ಕೂಲಿ ಸೇರಿ 2,200 ಹತ್ರ. ಆ ಸದ್ದು ಬ್ರೇಕ್ ಮುಟ್ಟಿದ್ರೂ ಬಿಟ್ರೂ ಒಂದೇ ಥರ ಇತ್ತು, ಪೆಡಲ್ ಮೇಲೆ ಸ್ವಲ್ಪ ಕಾಲಿಟ್ಟು ಓಡಿಸಿ ನೋಡಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗ್ತಿತ್ತು. ಆಮೇಲೆ ಎರಡೂ ಕಡೆ ಸ್ಟ್ರಟ್ ಮೌಂಟ್ (ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರೋ ರಬ್ಬರ್), 3,800. ಆಮೇಲೆ ಲೋವರ್ ಆರ್ಮ್ (ಚಕ್ರನ ಗಾಡಿ ಅಡಿಗೆ ಜೋಡಿಸೋ ತೋಳು) ಎರಡೂ, 4,600, ಅಲೈನ್‌ಮೆಂಟ್ 400 ಬೇರೆ. ಒಟ್ಟು ಹನ್ನೊಂದು ಸಾವಿರ ಹೋಯ್ತು, ಆ ವರ್ಷ ಒಳ್ಳೆಮೆಣಸಿಗೂ ರೇಟಿರ್ಲಿಲ್ಲ. ಇನ್ನೊಂದು ತೊಂದ್ರೆ ಏನಂದ್ರೆ ನಾನು ಗ್ಯಾರೇಜಿಗೆ ಹೋಗಿದ್ದು ಜುಲೈ, ಆಗಸ್ಟಲ್ಲಿ, ನಮ್ಮೂರ ಮಳೇಲಿ ಗಾಡಿ ಅಡಿ ಪೂರ್ತಿ ಒದ್ದೆ, ಸದ್ದೇ ಇಲ್ಲ. ಲಿಫ್ಟಿಗೆ ಏರಿಸಿದ್ರೆ ಚಕ್ರ ನೇತಾಡ್ತವೆ, ಭಾರನೇ ಬೀಳಲ್ಲ, ಅಲ್ಲೂ ಇಲ್ಲ. "ಅಣ್ಣ, ಹಳೇ ಗಾಡಿ, ಇಷ್ಟು ಸದ್ದು ಇರ್ತದೆ ಬಿಡಿ" ಅಂದ್ಬಿಟ್ರು.

ಆದ್ರೆ ಮಳೇಲಿ ಇಲ್ಲ, ಬಿಸಿಲಲ್ಲಿ ಇದೆ ಅನ್ನೋದೇ ದೊಡ್ಡ ಸುಳಿವು. ಬೆಳಿಗ್ಗೆ ಮಂಜಲ್ಲಿ ಹೊರಟ್ರೆ ಆನೆಕಾಡು ದಾಟೋವರೆಗೂ ಸುಮ್ಮನಿರೋದು, ಕುಶಾಲನಗರ ಸೇರಿ ಒಣಗಿದ ಮೇಲೆ ಶುರು. ಅಂದ್ರೆ ಕಬ್ಬಿಣ ಕಬ್ಬಿಣ ತಿಕ್ಕೋದಲ್ಲ, ರಬ್ಬರ್ರೇ ಅಂತ ನಂಗೆ ಗಟ್ಟಿಯಾಯ್ತು.

ಎಡನೋ ಬಲನೋ ಅನ್ನೋದಕ್ಕೆ ರಸ್ತೆ ಪಕ್ಕದ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಉಪಯೋಗಿಸ್ದೆ. ನಮ್ಮ ರಸ್ತೆಲಿ ಒಂದು ಕಡೆ ಎತ್ತರದ ಬರೆ, ಇನ್ನೊಂದು ಕಡೆ ಖಾಲಿ. ಕಿಟಕಿ ಎಲ್ಲಾ ಇಳಿಸಿ ಬರೆ ಪಕ್ಕದಲ್ಲೇ ನಿಧಾನಕ್ಕೆ ಹೋದ್ರೆ ಆ ಪಕ್ಕದ ಸದ್ದು ಬಡಿದು ವಾಪಸ್ ಕಿವಿಗೆ ಬರ್ತದೆ. ಹೋಗುವಾಗ ಬರೆ ಎಡಕ್ಕೆ, ಜೋರಾಗಿ ಕೇಳ್ತು. ಬರುವಾಗ ಬಲಕ್ಕೆ, ಸಣ್ಣಗೆ. ಸರಿ, ಎಡಗಡೆ. ಹಳೇ ಫೋನನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಕೇಬಲ್ ಟೈಯಲ್ಲಿ ಅಡಿಗೆ ಕಟ್ಟಿ ರೆಕಾರ್ಡೂ ಮಾಡ್ದೆ, ಅದ್ರಲ್ಲಿ ಜಲ್ಲಿ ಸಿಡಿಯೋದೇ ಜಾಸ್ತಿ ಬಂತು, ಅಷ್ಟೇನೂ ಉಪಯೋಗ ಆಗ್ಲಿಲ್ಲ.

ಎಡಗಡೇಲಿ ಯಾವ ರಬ್ಬರ್? ಅದಕ್ಕೆ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯೋ ಪಂಪ್ ತಗೊಂಡೆ. ಉದ್ದ ರಾಡಿನ ತುದೀಲಿ ನಾಝಲ್, ಗಾಡಿ ಎತ್ತದೇನೇ ಅಡಿಗೆ ತೂರಿಸ್ಬಹುದು. ಮೈಲುತುತ್ತ, ಸುಣ್ಣದ ಅಂಶ ಇರ್ಬಾರ್ದು, ಮೂರು ನೀರು ತೊಳೀಬೇಕು. ಬರೀ ನೀರು, ಒಂದು ಸಲಕ್ಕೆ ಒಂದೇ ಜಾಗ. ಮೇಲಿಂದ ಶುರು ಮಾಡಿದ್ರೆ ನೀರು ಸೋರಿ ಕೆಳಗಿನ ಎಲ್ಲಾ ಬುಷ್ (ಕೀಲುಗಳಲ್ಲಿರೋ ರಬ್ಬರ್ ಬಳೆ) ಒದ್ದೆ ಆಗ್ತವೆ, ಅದಕ್ಕೆ ಕೆಳಗಿಂದ ಮೇಲಕ್ಕೆ. ಲೋವರ್ ಆರ್ಮ್ ಬುಷ್ಷಿಗೆ ಹೊಡೆದು ಕಾಫಿ ಒಣಗಿಸೋ ಕಣದ ಅಂಚಿನ ಕಟ್ಟೆ ಹತ್ತಿಸಿ ಇಳಿಸ್ದೆ, ಕುಯ್ಯ್. ಬಾಲ್ ಜಾಯಿಂಟ್, ಕುಯ್ಯ್. ಸ್ಟೆಬಿಲೈಸರ್ ರಾಡ್ (ತಿರುವಲ್ಲಿ ಗಾಡಿ ವಾಲದ ಹಾಗೆ ತಡೆಯೋ ಅಡ್ಡ ರಾಡ್) ಬುಷ್ಷಿಗೆ ಹೊಡೆದೆ ನೋಡಿ, ಗಪ್ ಚುಪ್! ನಾಲ್ಕು ಸಲ ಹತ್ತಿಸಿ ಇಳಿಸಿದ್ರೂ ಇಲ್ಲ. ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸ್ದೆ, ಒಣಗ್ತು, ವಾಪಸ್ ಬಂತು. ಮೂರು ಭಾನುವಾರ ಹೀಗೇ ಮಾಡಿ ಖಾತ್ರಿ ಮಾಡ್ಕೊಂಡೆ.

ಮೆಕ್ಯಾನಿಕ್ ಹತ್ರ ಹೇಳಿದ್ರೆ "ನೀರು ಹಾಕಿದ್ರೆ ಯಾವ ಬುಷ್ಷೂ ಸುಮ್ಮನಾಗ್ತದೆ ಅಣ್ಣ" ಅಂದ್ರು. ಅದು ಸರಿನೇ, ಅದಕ್ಕೇ ಒಂದೊಂದೇ ಒದ್ದೆ ಮಾಡಿದ್ದು ಅಂದೆ. ತಲೆ ಅಲ್ಲಾಡಿಸಿ ಹೊಸ ಬುಷ್ ಹಾಕಿಕೊಟ್ರು, ಜೋಡಿ 240 ರೂಪಾಯಿ. ಮೂರು ವಾರ ಚೆನ್ನಾಗಿತ್ತು, ಆಮೇಲೆ ಪುನಃ ಶುರು. ಆ ವಾರ ಮನೇಲಿ, ಅಂಗಡೀಲಿ ಎಲ್ರ ಹತ್ರನೂ ಮಾತು ಕೇಳ್ಬೇಕಾಯ್ತು, ಭಾವ ಅಂತೂ ಗಾಡಿ ಮಾರ್ಬಿಡು ಅಂದ್ರು.

ನಾನೇ ಬಿಚ್ಚಿದೆ. ಕಣದ ಸಿಮೆಂಟ್ ಮೇಲೆ ಜಾಕಿ, ಅದ್ರ ಪಕ್ಕ ಸಿಲ್ವರ್ ಓಕ್ ದಿಮ್ಮಿ, ಬಿಚ್ಚಿದ ಚಕ್ರನೂ ಅಡಿಗೆ ತಳ್ಳಿಟ್ಟೆ. ಬರೀ ಜಾಕಿ ನಂಬಿ ಅಡಿಗೆ ಹೋಗ್ಬೇಡಿ, ದಯವಿಟ್ಟು. ಕ್ಲಾಂಪ್ ತೆಗೆದ್ರೆ ಬುಷ್ ಹೊಸದರ ಹಾಗೇ ಇದೆ, ಆದ್ರೆ ರಾಡ್ ಮೇಲೆ ಬುಷ್ ಕೂರೋ ಎರಡು ಬೆರಳಗಲ ಜಾಗದಲ್ಲಿ ತುಕ್ಕಿನ ಸಣ್ಣ ಸಣ್ಣ ಗುಳಿ, ಅದ್ರೊಳಗೆ ನಮ್ಮ ಕೆಂಪು ಮಣ್ಣು ಅರೆದ ಹಾಗೆ ನುಣ್ಣಗೆ ಮೆತ್ಕೊಂಡಿದೆ. ಉಗುರಲ್ಲಿ ಕೆರೆದ್ರೆ ಇಟ್ಟಿಗೆ ಪುಡಿ ಥರ ಬಂತು. ಅಲ್ಲಿಗೆ ಹೊಸ ಬುಷ್ ಹಾಕಿದ್ರೆ ಅದೂ ಕೂಗದೆ ಇನ್ನೇನು ಮಾಡ್ತದೆ?

ಎಮರಿ ಪೇಪರ್ ಮೊದ್ಲು ಒರಟು, ಆಮೇಲೆ 400 ನಂಬರ್, ಕೈಗೆ ನುಣ್ಣಗೆ ಸಿಗೋವರೆಗೂ ಸುಮಾರು ಮುಕ್ಕಾಲು ಗಂಟೆ ತಿಕ್ಕಿದೆ. ತೊಳೆದು, ಒಣಗಿಸಿ, ಸಿಲಿಕೋನ್ ಗ್ರೀಸ್ ಹಾಕ್ದೆ, ಸಣ್ಣ ಟ್ಯೂಬ್ 300 ಚಿಲ್ಲರೆ. ಗ್ಯಾರೇಜಿನ ಮಾಮೂಲಿ ಗ್ರೀಸ್ ಬೇಡ, ಹಳೇ ಬುಷ್ ಒಂದಕ್ಕೆ ಹಚ್ಚಿಟ್ಟು ನೋಡಿದ್ದೆ, ಹದಿನೈದು ದಿನದಲ್ಲಿ ಉಬ್ಬಿ ಮೆತ್ತಗಾಯ್ತು. ಮಣ್ಣು ಒಳಗೆ ನುಗ್ಗದ ಹಾಗೆ ಬುಷ್ಷಿನ ಎರಡೂ ಅಂಚಿಗೆ ನಾನು ಇನ್ನೊಂದು ಸಾಮಾನು ಸುತ್ತಿದ್ದೀನಿ, ಅದನ್ನ ಕಂಡುಹಿಡಿಯೋಕೆ ನಂಗೆ ತಿಂಗಳುಗಟ್ಟಲೆ ಹಿಡೀತು, ಅದೊಂದು ನನ್ನ ಹತ್ರನೇ ಇರ್ಲಿ. ಬೋಲ್ಟ್ ಕೊನೇ ಟೈಟ್ ಮಾತ್ರ ಚಕ್ರ ನೆಲಕ್ಕೆ ಇಳಿಸಿ ಭಾರ ಬಿದ್ದ ಮೇಲೇ ಮಾಡಿ. ಲೋವರ್ ಆರ್ಮಿಗಂತೂ ಇದು ಬೇಕೇ ಬೇಕು, ನೇತಾಡ್ತಿರುವಾಗ ಬಿಗಿದ್ರೆ ರಬ್ಬರ್ ತಿರುಚ್ಕೊಂಡೇ ಇರ್ತದೆ, ಬೇಗ ಹರೀತದೆ.

ಮಧ್ಯದಲ್ಲಿ ಹರಳೆಣ್ಣೆನೂ ಪರೀಕ್ಷೆ ಮಾಡಿದ್ದೆ. ಹಿಂದೆಲ್ಲಾ ಬ್ರೇಕ್ ಆಯಿಲ್ಲನ್ನೇ ಹರಳೆಣ್ಣೆ ಬೆರೆಸಿ ಮಾಡ್ತಿದ್ರು, ರಬ್ಬರಿಗೆ ಏನೂ ಆಗಲ್ಲ. ನಿಜವಾಗ್ಲೂ ಸದ್ದು ನಿಲ್ತು, ಇಪ್ಪತ್ತು ದಿನ ಇರ್ಬೇಕು, ಆದ್ರೆ ಧೂಳು ಅಂಟಿ ಅಂಟಿ ಕಪ್ಪು ಮುದ್ದೆ ಆಯ್ತು, ಕಾಫಿ ಹೂವಿಗೆ ಬರೋ ಬೇಸಿಗೆಯ ಹೂ ಮಳೆ ಬಂದಿದ್ದೇ ತೊಳೆದೂ ಹೋಯ್ತು. ಬಾಗ್ಲ ರಬ್ಬರಿಗೆ ಮೆಡಿಕಲ್ ಶಾಪಿನ ಗ್ಲಿಸರಿನ್ ಚೆನ್ನಾಗಿದೆ, ಅದು ಈಗ್ಲೂ ಹಚ್ತೀನಿ. ತೆಂಗಿನೆಣ್ಣೆ ಮಾತ್ರ ಬೇಡ.

ಅಂತೂ ನಾನೇ ಮಾಡಿದ ಕೆಲಸಕ್ಕೆ ಖರ್ಚಾಗಿದ್ದು ಬುಷ್ ಸೇರಿ ಆರುನೂರರ ಒಳಗೆ. ಹೋದ ತಿಂಗಳು ಮೈಸೂರಿಂದ ಬರುವಾಗ ಅಮ್ಮ ಪಿರಿಯಾಪಟ್ಟಣ ದಾಟಿದ್ಮೇಲೆ ನಿದ್ದೆ ಹೋಗಿದ್ರು, ನಮ್ಮ ಗೇಟ್ ಹತ್ರ ಹಂಪ್ ಹತ್ತಿದ್ರೂ ಎಚ್ಚರ ಆಗ್ಲಿಲ್ಲ. ಭಾವ ಈಗ ಅವ್ರ ಜೀಪಿನ ಹಿಂದಿನ ಪ್ಲೇಟ್ ಸೆಟ್ (ಪಟ್ಟಿ ಸ್ಪ್ರಿಂಗ್) ಕೂಗ್ತಿದೆ, ಬಂದು ನೋಡು ಅಂತ ಫೋನ್ ಮಾಡ್ತಿದ್ದಾರೆ, ಭಾನುವಾರ ಪಂಪ್ ತಗೊಂಡು ಹೋಗ್ಬೇಕು.