ಕಪ್ ಗೆದ್ದ ಮರುವರ್ಷ: ಎಳೆಯ ಫುಟ್‌ಬಾಲ್ ತಂಡವನ್ನು ಮೇಲೆತ್ತಿದ ನನ್ನ ಅನುಭವ

ಕಾಲೇಜು ಫುಟ್‌ಬಾಲ್ ತಂಡವೊಂದು ಅಂತರ-ಕಾಲೇಜು ಪಂದ್ಯಾವಳಿ ಗೆದ್ದು, ಮರುವರ್ಷ ಮೊದಲ ಸುತ್ತಿನಲ್ಲೇ ಸೋತು ಬಂದರೆ, ಸ್ಟಾಫ್ ರೂಮಿನಿಂದ ಆಡಳಿತ ಮಂಡಳಿಯವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು ಕೇಳಿಬರುತ್ತದೆ: ಹುಡುಗರಿಗೆ ತಲೆ ತಿರುಗಿದೆ. ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದೈಹಿಕ ಶಿಕ್ಷಣ ನಿರ್ದೇಶಕನಾಗಿರುವ ನಾನು ಈ ಮಾತನ್ನು ಎಂದೂ ಒಪ್ಪಿದವನಲ್ಲ. ತಲೆ ತಿರುಗಬೇಕಾದವರು ಕಪ್ ಗೆದ್ದ ಹುಡುಗರು. ಅವರು ಅಷ್ಟರಲ್ಲಿ ಅಂಕಪಟ್ಟಿ ತೆಗೆದುಕೊಂಡು ಕಾಲೇಜಿನ ಗೇಟು ದಾಟಿರುತ್ತಾರೆ. ಉಳಿದವರ ಪಾಲಿಗೆ ಬರುವುದು ಗೆದ್ದವರೆಂಬ ಹೆಸರು ಮಾತ್ರ, ಆ ಗೆಲುವನ್ನು ದುಡಿದ ಕಾಲುಗಳಲ್ಲ.

ನಮ್ಮ ತಂಡದ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಫೈನಲ್ ಆಡಿದ ಹನ್ನೊಂದು ಜನರಲ್ಲಿ ಎಂಟು ಮಂದಿ ಅಂತಿಮ ವರ್ಷದವರು. ಬೆಂಚಿನಲ್ಲಿದ್ದ ಕಿರಿಯರು ಆ ವರ್ಷ ಮೈದಾನಕ್ಕೆ ಇಳಿದದ್ದುಂಟು; ಆದರೆ ನಾವು ಎರಡು ಗೋಲಿನಿಂದ ಮುಂದಿದ್ದಾಗ, ಕೊನೆಯ ಹತ್ತು-ಹದಿನೈದು ನಿಮಿಷ ಮಾತ್ರ. ಹೀಗಾಗಿ ಅವರಿಗೆ ಅನುಭವವಿರಲಿಲ್ಲ ಎಂಬುದಕ್ಕಿಂತ, ಗೆಲ್ಲುತ್ತಿರುವ ಪಂದ್ಯದ ಅನುಭವವಷ್ಟೇ ಇತ್ತು ಎನ್ನುವುದು ಸರಿ. ಒಂದು ಗೋಲು ಹಿಂದೆ ಬಿದ್ದು, ಗಡಿಯಾರ ಓಡುತ್ತಿದ್ದು, ರೆಫರಿಯೂ ಪ್ರೇಕ್ಷಕರೂ ತಮಗೆ ವಿರುದ್ಧವಾಗಿದ್ದಾರೆಂದು ಅನಿಸುವ ಹೊತ್ತಿನಲ್ಲಿ ಚೆಂಡನ್ನು ಕಾಲಡಿ ಇಟ್ಟುಕೊಂಡು ನಿಲ್ಲುವುದು ಹೇಗೆಂದು ಅವರು ಕಂಡಿರಲಿಲ್ಲ. ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅಮೆರಿಕದ ಕಾಲೇಜುಗಳಲ್ಲಿ ಆಡುವ ಫುಟ್‌ಬಾಲ್ ಬೇರೆಯದೇ ಆಟವಾದರೂ ಪಾಡು ಇದೇ. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಆಡಿದ 15 ಪಂದ್ಯಗಳನ್ನೂ ಗೆದ್ದು ಚಾಂಪಿಯನ್ ಆಯಿತು. ಆ ತಂಡದ 14 ಆಟಗಾರರನ್ನು ವೃತ್ತಿಪರ ತಂಡಗಳು ಆರಿಸಿಕೊಂಡವು. ಮರುವರ್ಷ ಅದೇ ವಿಶ್ವವಿದ್ಯಾಲಯ ಐದು ಗೆದ್ದು ಐದು ಸೋತಿತು. ಅಲ್ಲಿ ಕೋಟಿಗಟ್ಟಲೆ ಡಾಲರ್ ಸುರಿದರೂ ತಪ್ಪದ ಕುಸಿತ, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಕ್ರೀಡಾ ನಿಧಿಯಲ್ಲಿ ಎಲ್ಲ ಆಟಗಳನ್ನೂ ನಡೆಸುವ ನಮ್ಮಂಥ ಕಾಲೇಜಿಗೆ ತಪ್ಪುವುದುಂಟೇ?

ಎರಡನೆಯ ಕಾರಣವನ್ನು ನಮ್ಮ ಬಳಗದವರೇ ಅನೇಕರು ಗಮನಿಸುವುದಿಲ್ಲ. ಗೆದ್ದ ವರ್ಷ ನಮ್ಮನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಎಲ್ಲ ತಂಡಗಳೂ ನಮ್ಮ ಮೇಲೆ ಏರಿ ಬಂದವು, ಅವರ ಬೆನ್ನ ಹಿಂದಿನ ಖಾಲಿ ಜಾಗದಲ್ಲಿ ನಮ್ಮ ವಿಂಗರ್‌ಗಳು ಓಡಿ ಗೋಲು ಹೊಡೆದರು. ಮರುವರ್ಷ ಅದೇ ತಂಡಗಳು ಒಂಬತ್ತು ಜನರನ್ನು ತಮ್ಮ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನ ಸುತ್ತ ನಿಲ್ಲಿಸಿ ಚೆಂಡನ್ನು ನಮಗೇ ಬಿಟ್ಟುಕೊಟ್ಟವು. 2015-16ರಲ್ಲಿ ಲೆಸ್ಟರ್ ಸಿಟಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದದ್ದು ಇಂಥದೇ ಓಟದ ಆಟದಿಂದ. ಮರುವರ್ಷ ಮಿಡ್‌ಫೀಲ್ಡರ್ ಕಾಂಟೆ ಒಬ್ಬನನ್ನು ಬಿಟ್ಟರೆ ಮುಖ್ಯ ಆಟಗಾರರೆಲ್ಲ ಉಳಿದಿದ್ದರೂ ಎದುರಾಳಿಗಳು ಓಡಲು ಜಾಗ ಕೊಡದೆ ಹೋದದ್ದರಿಂದ ತಂಡ 12ನೇ ಸ್ಥಾನಕ್ಕೆ ಇಳಿಯಿತು, ಕಪ್ ಗೆದ್ದುಕೊಟ್ಟ ತರಬೇತುದಾರ ರಾನಿಯೇರಿ 2017ರ ಫೆಬ್ರವರಿಯಲ್ಲೇ ಕೆಲಸ ಕಳೆದುಕೊಂಡರು. ಅನುಭವಿಗಳಿದ್ದ ತಂಡದ ಗತಿ ಅದಾದರೆ, ಹದಿನೆಂಟರ ಹುಡುಗರಿಂದ ಏನನ್ನು ನಿರೀಕ್ಷಿಸಬಹುದು? ನಮ್ಮವರು ಎಡಬದಿಯ ಡಿಫೆಂಡರ್‌ನಿಂದ ಬಲಬದಿಯ ಡಿಫೆಂಡರ್‌ವರೆಗೆ, ಅಲ್ಲಿಂದ ಮತ್ತೆ ಎಡಕ್ಕೆ, ಚೆಂಡನ್ನು ಸಾಗಿಸುತ್ತಲೇ ಇದ್ದರು. ಕೊನೆಗೆ ಬೇಸತ್ತ ಯಾರೋ ಒಬ್ಬ ಮೂವತ್ತು ಗಜದಿಂದ ಒದೆಯುತ್ತಿದ್ದ. ಚೆಂಡು ಕಾಂಪೌಂಡ್ ದಾಟುತ್ತಿತ್ತು.

ಹಣದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಕುಸಿತದ ವರ್ಷವೇ ನಾವು ಅತಿ ಹೆಚ್ಚು ಖರ್ಚು ಮಾಡಿದ ವರ್ಷ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ತಂದಿತು. ಅದೇ ಋತುವಿನಲ್ಲಿ ನಮ್ಮ ಕಪ್ಪೂ ಬಂದಿತ್ತಾದ್ದರಿಂದ ಆಡಳಿತ ಮಂಡಳಿಯವರಿಗೆ ಫುಟ್‌ಬಾಲ್ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಹೊಸ ಜೆರ್ಸಿ, ಟ್ರ್ಯಾಕ್‌ಸೂಟ್, ಚೀಲಗಳಿಗೆಂದು ನಲವತ್ತು ಸಾವಿರದ ಆಸುಪಾಸು ಹೋಯಿತು. ಹುಡುಗರಲ್ಲಿ ಗೆಲುವಿನ ಮನೋಭಾವ ತುಂಬಲು ಕರೆಸಿದ ಭಾಷಣಕಾರರಿಗೆ ಒಂದು ಮಧ್ಯಾಹ್ನಕ್ಕೆ ಹನ್ನೆರಡು ಸಾವಿರ. ಅವರು ಹುಡುಗರನ್ನು ಕಣ್ಣು ಮುಚ್ಚಿ ಕೂರಿಸಿ ಕಪ್ ಎತ್ತಿ ಹಿಡಿದಂತೆ ಕಲ್ಪಿಸಿಕೊಳ್ಳಲು ಹೇಳಿದರು. ಹಿಂದಿನ ಸಾಲಿನಲ್ಲಿ ನಮ್ಮ ಗೋಲ್‌ಕೀಪರ್ ನಿಜವಾಗಿಯೂ ನಿದ್ದೆ ಹೋಗಿದ್ದ.

ಐದೈದು ಜನ ಆಡುವ ಬಾಡಿಗೆ ಟರ್ಫ್‌ಗೆ ಗಂಟೆಗೆ ಸಾವಿರದ ಐನೂರರಂತೆ ಸುರಿದದ್ದು ಇನ್ನೊಂದು ಮೂವತ್ತು-ಮೂವತ್ತೈದು ಸಾವಿರ. ಚಿಕ್ಕ ಜಾಗದಲ್ಲಿ ಆಡಿದರೆ ಒತ್ತಡದಲ್ಲಿ ಪಾಸ್ ಕೊಡುವುದು ಬರುತ್ತದೆ ಎಂಬ ಲೆಕ್ಕಾಚಾರ ಎಲ್ಲರಿಗೂ ಗೊತ್ತಿರುವುದೇ. ಆದರೆ ಅಲ್ಲಿ ಸುತ್ತಲೂ ಬಲೆ ಇರುವುದರಿಂದ ಚೆಂಡು ಹೊರಗೆ ಹೋಗುವುದೇ ಇಲ್ಲ. ಥ್ರೋ-ಇನ್ ಇಲ್ಲ, ಆಫ್‌ಸೈಡ್ ಇಲ್ಲ, ಮೈದಾನದ ಅಗಲವನ್ನು ಬಳಸುವ ಪ್ರಶ್ನೆಯೇ ಇಲ್ಲ. ಪೂರ್ಣ ಮೈದಾನಕ್ಕೆ ಹಿಂತಿರುಗಿದಾಗ ನಮ್ಮ ಹುಡುಗರೆಲ್ಲ ನಡುವಿನಲ್ಲೇ ಗುಂಪುಗಟ್ಟಿದರು, ಬಾಕ್ಸ್ ಮುಚ್ಚಿ ನಿಂತವರಿಗೆ ಅದಕ್ಕಿಂತ ಬೇಕಾದದ್ದು ಬೇರೊಂದಿಲ್ಲ. ಹೊರಗಿನಿಂದ ಹಾಸ್ಟೆಲ್ ಶುಲ್ಕ ಮನ್ನಾ ಮಾಡಿಸಿ ತಂದ ಸ್ಟ್ರೈಕರ್ ಒಬ್ಬ ಪ್ರತಿಭಾವಂತನೇ ಆಗಿದ್ದ. ಹಾಜರಾತಿ ಸಾಲದೆ ಎರಡನೇ ಸೆಮಿಸ್ಟರ್ ಮುಗಿಯುವ ಮೊದಲೇ ಹೊರಟುಹೋದ. ಆ ವರ್ಷದ ಸೋಲಿನ ನಂತರ ಮಂಡಳಿಯವರ ಪ್ರೀತಿ ಬಂದಷ್ಟೇ ವೇಗದಲ್ಲಿ ಇಳಿಯಿತು. ಫುಟ್‌ಬಾಲ್‌ಗೆಂದು ನನ್ನ ಕೈಗೆ ಉಳಿದದ್ದು ಮೂವತ್ತು ಸಾವಿರ.

ಕೈ ಕಟ್ಟಿದಾಗಲೇ ಬಹುಕಾಲದಿಂದ ಮನಸ್ಸಿನಲ್ಲಿದ್ದ ಉಪಾಯಕ್ಕೆ ಕೈಹಾಕಿದೆ. ಆಸ್ಟಿನ್ ಟೌನ್ ಕಡೆ ಭಾನುವಾರ ಬೆಳಿಗ್ಗೆ ಆಡುವ ಹಿರಿಯರ ಗುಂಪೊಂದಿದೆ. ನಲವತ್ತೈದರಿಂದ ಅರವತ್ತರ ನಡುವಿನವರು, ಅವರಲ್ಲಿ ಕೆಲವರು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳ ಜೆರ್ಸಿ ತೊಟ್ಟು ಆಡಿ ನಿವೃತ್ತರಾದವರು. ಅವರಿಗೆ ಓಡಲು ಆಗುವುದಿಲ್ಲ. ಆದ್ದರಿಂದಲೇ ಅವರು ಹತ್ತು ಜನ ಬಾಕ್ಸಿನ ಮುಂದೆ ನಿಂತು, ಮಾತಾಡುತ್ತಾ, ತಳ್ಳುತ್ತಾ, ಸಣ್ಣ ಫೌಲ್‌ಗಳನ್ನು ರೆಫರಿಯ ಬೆನ್ನ ಹಿಂದೆ ಮಾಡುತ್ತಾ ಆಡುತ್ತಾರೆ. ನಮ್ಮ ಹುಡುಗರಿಗೆ ಎದುರಾಗಿದ್ದ ಸಮಸ್ಯೆಯ ಅಚ್ಚು ಪ್ರತಿ ನನಗೆ ಅಲ್ಲಿ ಪುಕ್ಕಟೆಯಾಗಿ ಸಿಗುತ್ತಿತ್ತು. ಪ್ರತಿ ಭಾನುವಾರ ಅವರೊಡನೆ ಪಂದ್ಯವಿಟ್ಟುಕೊಳ್ಳುತ್ತೇನೆ ಎಂದಾಗ ಸಹೋದ್ಯೋಗಿಗಳು ನಕ್ಕರು. ನೆರೆಯ ಕಾಲೇಜಿನ ನಿರ್ದೇಶಕರೊಬ್ಬರು, ‘ಏನ್ ಸಾರ್, ಹುಡುಗರನ್ನು ಅಜ್ಜಂದಿರ ಜೊತೆ ವಾಕಿಂಗ್‌ಗೆ ಕಳಿಸ್ತಿದ್ದೀರಂತೆ’ ಎಂದು ಸಭೆಯೊಂದರಲ್ಲಿ ಎಲ್ಲರೆದುರು ಕೇಳಿದರು. ಪ್ರಾಂಶುಪಾಲರು ಅನುಮತಿ ಪತ್ರಕ್ಕೆ ಸಹಿ ಹಾಕಲು ಎರಡು ವಾರ ತೆಗೆದುಕೊಂಡರು.

ಮೊದಲ ಪಂದ್ಯಗಳಲ್ಲಿ ನಾವು 0-2, 1-3 ಹೀಗೆ ಸೋತೆವು. ಹುಡುಗರು ಅವಮಾನದಿಂದ ಕೆಂಪಾದರು. ಹಳೆಯ ಸೆಂಟರ್ ಬ್ಯಾಕ್ ಒಬ್ಬರಿದ್ದಾರೆ, ಹೊಟ್ಟೆ ಬಂದಿದೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಇಳಿಯುತ್ತಾರೆ. ನಮ್ಮ ಮಿಡ್‌ಫೀಲ್ಡರ್‌ನ ಮೂರು ಪಾಸ್‌ಗಳನ್ನು ಅವರು ಒಂದು ಹೆಜ್ಜೆಯನ್ನೂ ಓಡದೆ ತಡೆದರು. ನಾಲ್ಕನೆಯದನ್ನೂ ತಡೆದ ಮೇಲೆ ಹುಡುಗನ ಹತ್ತಿರ ಬಂದು, ‘ನೀನು ಪಾಸ್ ಕೊಡೋ ಮೊದಲೇ ಆ ಕಡೆ ನೋಡ್ತೀಯ ತಂಬಿ, ನಾನ್ಯಾಕೆ ಓಡಬೇಕು?’ ಎಂದರು. ಈ ಮಾತನ್ನು ನಾನು ಅದೇ ಹುಡುಗನಿಗೆ ಇಡೀ ಋತು ಹೇಳಿದ್ದೆ. ಅವನು ಕೇಳಿಸಿಕೊಂಡದ್ದು ಆ ದಿನ. ಮುಂದಿನ ವಾರಗಳಲ್ಲಿ ಅವನು ಚೆಂಡು ಬರುವ ಮೊದಲೇ ಭುಜದ ಮೇಲಿಂದ ಒಮ್ಮೆ ಹಿಂತಿರುಗಿ ನೋಡಿ, ಬಂದ ಮೇಲೆ ಒಂದು ಕಡೆ ನೋಡಿ ಇನ್ನೊಂದು ಕಡೆ ಕೊಡುವುದನ್ನು ಕಲಿತ. ಮೊದಮೊದಲು ‘ಅಂಕಲ್’ ಎನ್ನುತ್ತಿದ್ದ ಹುಡುಗರು ಎರಡು ತಿಂಗಳಲ್ಲಿ ‘ಅಣ್ಣ’ ಎನ್ನತೊಡಗಿದರು, ಪಂದ್ಯ ಮುಗಿದ ಮೇಲೆ ಇಡ್ಲಿ-ವಡೆಯ ಮುಂದೆ ಕುಳಿತು ತಾವಾಗಿ ಪ್ರಶ್ನೆ ಕೇಳತೊಡಗಿದರು.

ಖರ್ಚು ಆ ಇಡ್ಲಿ-ವಡೆಯದೇ. ಎರಡೂ ತಂಡಗಳ ತಿಂಡಿ, ಕಾಫಿ ಸೇರಿ ಒಂದು ಭಾನುವಾರಕ್ಕೆ ಸಾವಿರದ ಇನ್ನೂರರಷ್ಟು, ಜೊತೆಗೆ ಎರಡು ತಿಂಗಳಿಗೊಂದು ಒಳ್ಳೆಯ ಚೆಂಡು. ಇಡೀ ಋತುವಿಗೆ ಇಪ್ಪತ್ತೈದು ಸಾವಿರ ದಾಟಲಿಲ್ಲ.

ವಾರದ ದಿನಗಳ ಅಭ್ಯಾಸದಲ್ಲಿ ಎರಡನೆಯ ಬದಲಾವಣೆ ಮಾಡಿದೆ. ನಮ್ಮ ನಮ್ಮಲ್ಲೇ ಆಡುವ ಪಂದ್ಯಗಳನ್ನು 0-0ಯಿಂದ ಆರಂಭಿಸುವುದನ್ನೇ ನಿಲ್ಲಿಸಿದೆ. ಮುಖ್ಯ ಹನ್ನೊಂದರ ತಂಡ ಯಾವಾಗಲೂ 0-1 ಹಿಂದೆ, ಉಳಿದಿರುವುದು ಹದಿನೆಂಟು ನಿಮಿಷ ಎಂದೇ ಆಟ ಶುರು. ಕೆಲವು ದಿನ ಒಬ್ಬನಿಗೆ ರೆಡ್ ಕಾರ್ಡ್ ಕೊಟ್ಟು ಹತ್ತು ಜನರಿಂದ ಆಡಿಸುತ್ತಿದ್ದೆ, ಕೆಲವು ದಿನ ನಾನೇ ರೆಫರಿಯಾಗಿ ಬೇಕೆಂದೇ ತಪ್ಪು ತೀರ್ಪು ಕೊಡುತ್ತಿದ್ದೆ. ವಾದಿಸಿದವನು ಎರಡು ನಿಮಿಷ ಹೊರಗೆ. ಮೊದಲ ತಿಂಗಳು ಹನ್ನೆರಡನೇ ನಿಮಿಷಕ್ಕೆಲ್ಲ ಉದ್ದುದ್ದ ಒದೆಯಲು ಶುರು ಮಾಡುತ್ತಿದ್ದರು. ದಸರಾ ರಜೆಯ ಹೊತ್ತಿಗೆ ಕೊನೆಯ ನಿಮಿಷದಲ್ಲೂ ಚೆಂಡನ್ನು ನೆಲದ ಮೇಲೆ ಇಟ್ಟು ಬದಿಯಿಂದ ಬದಿಗೆ ಸಾಗಿಸುವ ಧೈರ್ಯ ಬಂದಿತ್ತು. ಇದರ ಜೊತೆಗೆ, ಬಾಕ್ಸ್ ಮುಚ್ಚಿ ನಿಂತ ತಂಡದ ಎದುರು ಥ್ರೋ-ಇನ್‌ನಿಂದ ಒಬ್ಬನನ್ನು ಬಿಡಿಸಿಕೊಳ್ಳುವ ವಿಧಾನವೊಂದನ್ನು ಆ ಹಿರಿಯರೇ ಹೇಳಿಕೊಟ್ಟರು. ಅದನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವವರಲ್ಲಿ ಮುಂದಿನ ಋತುವಿನಲ್ಲಿ ನಮ್ಮ ಎದುರು ಆಡುವವರೂ ಇದ್ದಾರೆ. ಅದರಿಂದ ನಮಗೆ ಐದಾರು ಗೋಲುಗಳು ಬಂದಿವೆ ಎಂದಷ್ಟೇ ಹೇಳಬಲ್ಲೆ.

ನಡುವೆ ಇನ್ನೂ ಕೆಲವನ್ನು ಮಾಡಿ ನೋಡಿದೆ. ಬಿದಿರಿನ ಗಳುವಿನ ತುದಿಗೆ ಮೊಬೈಲ್ ಕಟ್ಟಿ ಮೇಲಿಂದ ಪಂದ್ಯ ಚಿತ್ರೀಕರಿಸಿದೆವು. ಗಾಳಿಗೆ ಗಳು ತೂಗಿ ಅರ್ಧ ಚಿತ್ರ ಆಕಾಶದ್ದೇ ಆಯಿತು, ಆದರೂ ನಮ್ಮವರು ನಡುವಿನಲ್ಲಿ ಗುಂಪುಗಟ್ಟುವುದನ್ನು ಅವರ ಕಣ್ಣಿಗೇ ತೋರಿಸಲು ಉಳಿದರ್ಧ ಸಾಕಾಯಿತು. ಅಭ್ಯಾಸದ ನಂತರ ರಾಗಿ ಗಂಜಿಯೂ ಎರಡು ಮೊಟ್ಟೆಯೂ ಕೊಟ್ಟೆ. ಆಟ ಸುಧಾರಿಸಿತೋ ಇಲ್ಲವೋ, ಬೆಳಗಿನ ಹಾಜರಾತಿ ಸುಧಾರಿಸಿತು. ನಮ್ಮ ತಂಡದಲ್ಲಿ ಗೌತಮಪುರದ ಹುಡುಗರಿದ್ದಾರೆ, ಮಲಯಾಳಿಗಳಿದ್ದಾರೆ, ಮಣಿಪುರ, ಮಿಜೋರಾಂನವರಿದ್ದಾರೆ; ಗೆದ್ದ ವರ್ಷದ ಹಿರಿಯರು ಮೈದಾನದಲ್ಲಿ ಕೂಗಿ ಎಲ್ಲರನ್ನೂ ನಡೆಸುತ್ತಿದ್ದರು, ಕಿರಿಯರ ತಂಡದಲ್ಲಿ ಮೌನ. ಒಂದು ದಿನ ಮಾತೇ ಆಡಬಾರದೆಂಬ ನಿಯಮದಲ್ಲಿ ಆಡಿಸಿದೆ, ಮಾತಿನ ಬೆಲೆ ತಿಳಿಯಲಿ ಎಂದು. ಅವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ! ಕೊನೆಗೆ ಇಡೀ ಮೈದಾನ ಕಣ್ಣೆದುರಿಗಿರುವ ಗೋಲ್‌ಕೀಪರ್‌ನನ್ನೇ ನಾಯಕನನ್ನಾಗಿ ಮಾಡಿ, ‘ಮ್ಯಾನ್ ಆನ್’ (ಎದುರಾಳಿ ಹತ್ತಿರವಿದ್ದಾನೆ), ‘ಟರ್ನ್’ (ತಿರುಗು), ‘ಟೈಮ್’ (ಸಮಯವಿದೆ) ಎಂಬಂಥ ಏಳೆಂಟು ಕೂಗುಗಳನ್ನು ಎಲ್ಲರಿಗೂ ಕಡ್ಡಾಯ ಮಾಡಿದೆ. ಭಾಷಣದಲ್ಲಿ ನಿದ್ದೆ ಹೋಗಿದ್ದವನೇ ಅವನು. ಅಂಥ ಗಂಟಲು ನಮ್ಮ ವಲಯದಲ್ಲಿ ಇನ್ನೊಂದಿಲ್ಲ.

ಗೆದ್ದ ತಂಡಕ್ಕೆ ಬರುವ ಆಹ್ವಾನಗಳನ್ನು ಕುಸಿತದ ವರ್ಷದ ನಂತರ ನಿರಾಕರಿಸಿದ್ದಕ್ಕೆ ಹುಡುಗರು ನನ್ನ ಮೇಲೆ ಮುನಿಸಿಕೊಂಡಿದ್ದರು. ನಗದು ಬಹುಮಾನದ ಟೂರ್ನಿಗಳಲ್ಲಿ ಒಂದು ವಾರಾಂತ್ಯಕ್ಕೆ ನಾಲ್ಕು ಪಂದ್ಯ ಆಡಿಸುತ್ತಾರೆ; ಕುಸಿತದ ವರ್ಷ ಅಂಥ ಮೂರು ಟೂರ್ನಿಗಳಿಗೆ ಹೋಗಿ ಬಂದ ನಮ್ಮ ತಂಡ, ಮುಖ್ಯ ಪಂದ್ಯಾವಳಿಗೆ ಇಳಿಯುವಾಗ ಇಬ್ಬರು ಡಿಫೆಂಡರ್‌ಗಳ ಪಾದ ಉಳುಕಿತ್ತು. ಬಂದ ಬಹುಮಾನ ಎಂಟು ಸಾವಿರ, ಫಿಸಿಯೋಥೆರಪಿಗೆ ಹೋದದ್ದು ಅದಕ್ಕಿಂತ ಹೆಚ್ಚು.

ಫಲಿತಾಂಶ ಒಂದೇ ಸಲಕ್ಕೆ ಬರಲಿಲ್ಲ. ಹಿರಿಯರೊಡನೆ ಆಡಿದ ಮೊದಲ ಋತುವಿನಲ್ಲಿ ಸೆಮಿಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟಿನಲ್ಲಿ ಹೋದೆವು. ಎರಡನೆಯದರಲ್ಲಿ ಕಪ್ ಮರಳಿತು. ಕ್ವಾರ್ಟರ್‌ಫೈನಲ್‌ನಲ್ಲಿ ಮೊದಲ ಹತ್ತು ನಿಮಿಷದಲ್ಲೇ ಒಂದು ಗೋಲು ಬಿಟ್ಟುಕೊಟ್ಟಾಗ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಸಹಾಯಕ ತಲೆ ಮೇಲೆ ಕೈ ಹೊತ್ತ; ಮೈದಾನದಲ್ಲಿ ನಮ್ಮ ಹುಡುಗನೊಬ್ಬ ಬಲೆಯಿಂದ ಚೆಂಡು ತೆಗೆದುಕೊಂಡು ನಡುಗೆರೆಗೆ ನಡೆಯುತ್ತಾ, ‘ದಿನಾ ಇದೇ ತಾನೇ’ ಎಂದದ್ದು ನಮಗೆ ಕೇಳಿಸಿತು. 2-1ರಿಂದ ಗೆದ್ದೆವು. ಫೈನಲ್‌ನಲ್ಲಿ ಎದುರಾಳಿ ಕಾಲೇಜು, ಅಂದರೆ ಅಜ್ಜಂದಿರ ವಾಕಿಂಗ್ ಎಂದವರದೇ ತಂಡ, ಇಡೀ ಹನ್ನೊಂದು ಜನರನ್ನು ತಮ್ಮ ಅರ್ಧದಲ್ಲಿ ಕಟ್ಟಿಹಾಕಿಕೊಂಡು ಆಡಿತು. ಅರವತ್ತನೇ ನಿಮಿಷದ ನಂತರ ಬಂದ ಒಂದೇ ಗೋಲು ನಮ್ಮದು. ವಿಶ್ವವಿದ್ಯಾಲಯದ ತಂಡಕ್ಕೆ ನಮ್ಮ ನಾಲ್ವರು ಆಯ್ಕೆಯಾದರು, ಅವರಲ್ಲಿ ಮೂವರು ಆಗಿನ್ನೂ ಎರಡನೇ ವರ್ಷದವರು.

ಈ ಸಲ ಅಂತಿಮ ವರ್ಷದವರನ್ನು ಆರಕ್ಕಿಂತ ಹೆಚ್ಚು ಒಟ್ಟಿಗೆ ಇಳಿಸುವುದಿಲ್ಲ ಎಂದು ನಿಯಮ ಮಾಡಿಕೊಂಡಿದ್ದೇನೆ. ಗೆಲ್ಲಬಹುದಾದ ಒಂದೆರಡು ಲೀಗ್ ಪಂದ್ಯ ಇದರಿಂದ ಕೈಬಿಟ್ಟರೂ ಸರಿಯೇ. ಮಂಡಳಿಯವರು ಮತ್ತೆ ಟ್ರ್ಯಾಕ್‌ಸೂಟ್ ಮಾತೆತ್ತಿದ್ದಾರೆ. ನಾನು ಬರೆದುಕೊಟ್ಟಿರುವ ಪಟ್ಟಿಯಲ್ಲಿ ತಿಂಡಿಯ ಖರ್ಚು, ಆರು ಚೆಂಡು ಮತ್ತು ಬೇರೊಂದು ಗಟ್ಟಿ ಗಳು ಇವೆ. ತೊಡಕಾಗಿರುವುದು ಭಾನುವಾರ: ಆ ಹಿರಿಯರನ್ನು ಈಗ ಇನ್ನೆರಡು ಕಾಲೇಜಿನವರೂ ಕರೆಯುತ್ತಿದ್ದಾರೆ, ತಿಂಗಳಿಗೆ ಎರಡೇ ಭಾನುವಾರ ಕೊಡಬಲ್ಲೆವು ಎಂದಿದ್ದಾರೆ. ಉಳಿದೆರಡಕ್ಕೆ ಹಲಸೂರಿನ ಕಡೆ ಇನ್ನೊಂದು ಗುಂಪನ್ನು ನೋಡಿ ಬಂದಿದ್ದೇನೆ. ಅವರು ಇಡ್ಲಿ ಬೇಡ, ಬಿರಿಯಾನಿ ಕೊಡಿ ಎನ್ನುತ್ತಿದ್ದಾರೆ.